ಉತ್ತರಿ ಮಳೆ, ಚಂದಮ್ಮನ ಸಾಲು

ಮೊನ್ನೆ ಆಳಂದದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕಡಗಂಚಿಯ ಸ್ಟಾಪಿನಲ್ಲಿ ಹೊಲದ ಕೆಲಸ ಮುಗಿಸಿದ ನಾಲ್ಕೈದು ಹೆಂಗಸರು ಹತ್ತಿದರು. ನನ್ನ ಪಕ್ಕ ಕೂತಾಕೆಯ ಕೈಯಿಂದ ಹಸಿರು ಹಸಿರಾದ ಒಂದು ವಾಸನೆ ಬಂತು. ಇಡೀ ದಿನ ತೊಗರಿಯ ಕುಡಿ ಚಿವುಟಿದ ಬೆರಳುಗಳ ವಾಸನೆ ಅದು. ಸೋಪು ಹಚ್ಚಿ ತಿಕ್ಕಿದರೂ ಸುಲಭಕ್ಕೆ ಹೋಗುವುದಿಲ್ಲ. ಆಕೆ ಇಳಿದು ಹೋದ ಮೇಲೂ ನಾನು ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದಲ್ಲೇ ಇದ್ದೆ.

ನಾನು ಜೇವರ್ಗಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಮಾಸ್ತರ. ಹರೆಯದಲ್ಲಿ ಹಿಮಾಲಯಕ್ಕೆ ಹೋಗಿ ಪರ್ವತಾರೋಹಣ ಕಲಿತು ಬಂದವನು. ನಮ್ಮ ಕಡೆ ಹತ್ತಲು ಬೆಟ್ಟಗಳಿಲ್ಲ. ಎತ್ತ ನೋಡಿದರೂ ಎರೆಭೂಮಿ, ಅದರ ಅಂಚಿಗೆ ಆಕಾಶ. ಆದರೆ ನಡೆಯಲು ಹೊಳೆಯ ದಂಡೆಗಳಿವೆ. ಯುವಜನರ ಶಿಬಿರ ನಡೆಸುವ ಒಂದು ಸಂಸ್ಥೆಯವರು ವರ್ಷಕ್ಕೊಮ್ಮೆ ಹನ್ನೆರಡು ಜನರನ್ನು ಆರಿಸಿ, ಚಾರಣದ ಮುಂದಾಳುಗಳನ್ನಾಗಿ ತಯಾರು ಮಾಡುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಒಂದು ವಾರ ಪಾಠ, ಆಮೇಲೆ ಆಳಂದ ತಾಲೂಕಿನಿಂದ ಅಮರ್ಜಾ ಹೊಳೆಯ ದಂಡೆ ಹಿಡಿದು, ಅದು ಭೀಮೆಯನ್ನು ಸೇರುವ ಗಾಣಗಾಪುರದ ಸಂಗಮದವರೆಗೆ ಮೂರು ದಿನದ ನಡಿಗೆ. ಪಾಸಾದವರು ಮುಂದೆ ಕಾಲೇಜು ಹುಡುಗರನ್ನು ಕರೆದುಕೊಂಡು ಹೋಗಬಹುದು.

ಮೊದಲ ಮೂರು ತಂಡಗಳಲ್ಲಿ ಇದ್ದವರೆಲ್ಲ ಗಂಡು ಹುಡುಗರು, ಪೇಟೆಯವರು, ಹೆಚ್ಚುಕಡಿಮೆ ನನ್ನಂಥ ಮನೆಗಳಿಂದ ಬಂದವರು. ಅದು ಹಾಗೇಕೆ ಎಂದು ನಾನು ಕೇಳಿಕೊಂಡಿರಲಿಲ್ಲ. ಓಟದಲ್ಲಿ ಗೆಲ್ಲಬೇಕು, ಸ್ವಂತ ಬೂಟು ಇರಬೇಕು, ಸಂದರ್ಶನದಲ್ಲಿ ನಾಲ್ಕು ಮಾತು ಇಂಗ್ಲಿಷ್ ಬರಬೇಕು. ಈ ಜರಡಿಯನ್ನು ಮಾಡಿದವನು ನಾನೇ. ನಾಲ್ಕನೆಯ ವರ್ಷ ಸಂಸ್ಥೆಯಿಂದ ಕಾಗದ ಬಂತು. ತಂಡದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು, ಇಲ್ಲಿಯತನಕ ಬಾರದ ಓಣಿಗಳಿಂದ, ಬಾರದ ಮನೆಗಳಿಂದ ಜನ ಬರಬೇಕು, ಇಲ್ಲದಿದ್ದರೆ ತರಬೇತಿ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಓದಿ ನನಗೆ ಸಿಟ್ಟೇ ಬಂತು. ಇನ್ನು ಗುಣಮಟ್ಟ ಹಾಳಾಯಿತು ಎಂದು ಮನೆಯಲ್ಲಿ ಗೊಣಗಿದೆ.

ಹುಡುಗಿಯರನ್ನು ಹುಡುಕಿಕೊಂಡು ಆಳಂದಕ್ಕೆ ಹೋದೆ. ಬಜಾರಿನಲ್ಲಿ ಹೊಲಿಗೆ ಅಂಗಡಿ ಇಟ್ಟವರೊಬ್ಬರ ಮಗಳು ಶಬಾನಾ, ಡಿಗ್ರಿ ಓದುತ್ತಿದ್ದವಳು, ತಾನೇ ಅರ್ಜಿ ಬರೆದಿದ್ದಳು. ಅವಳ ಅಬ್ಬಾ ಮಷಿನ್ ನಿಲ್ಲಿಸದೆಯೇ ನನ್ನ ಮಾತೆಲ್ಲ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಜೊತಿಗಿ ದೊಡ್ಡ ಹೆಣ್ಮಗಳು ಯಾರು ಇರ್ತಾರ್ರಿ ಸರ್?" ಉಳಿದ ಐದು ಮನೆಗಳಲ್ಲೂ ಅದೇ ಪ್ರಶ್ನೆ. ಹೀಗಾಗಿ ಒಬ್ಬ ದೊಡ್ಡ ಹೆಣ್ಣುಮಗಳನ್ನು ಹುಡುಕುವುದು ನನಗೆ ಅನಿವಾರ್ಯವಾಯಿತು. ಕಾವಲಿಗೆ ಒಬ್ಬರು ಇದ್ದರಾಯಿತು ಎಂಬಷ್ಟೇ ಲೆಕ್ಕ ನನ್ನ ತಲೆಯಲ್ಲಿತ್ತು.

ನಮ್ಮೂರು ಅಫಜಲಪುರ ತಾಲೂಕಿನದು, ಗಾಣಗಾಪುರಕ್ಕೆ ಹತ್ತಿರ. ಅಲ್ಲಿ ಅಪ್ಪ ಇನ್ನೂ ಹೊಲ ನೋಡಿಕೊಳ್ಳುತ್ತಿದ್ದರು. ಊರವರು ಅವರನ್ನು ಗೌಡರು ಎನ್ನುತ್ತಾರೆ, ನಾನು ಸಣ್ಣ ಗೌಡ. ಆ ವಾರ ನಮ್ಮ ಹೊಲದಲ್ಲಿ ತೊಗರಿ ಕುಡಿ ಚಿವುಟುವ ಕೆಲಸ ನಡೆದಿತ್ತು. ತುದಿ ಚಿವುಟಿದರೆ ಗಿಡ ಅಡ್ಡಡ್ಡ ಟೊಂಗೆ ಒಡೆದು ಕಾಯಿ ಹೆಚ್ಚು ಹಿಡಿಯುತ್ತದೆ. ಇಪ್ಪತ್ತು ಹೆಂಗಸರು ಸಾಲು ಹಿಡಿದು ಬರುತ್ತಿದ್ದರು. ಅವರನ್ನೆಲ್ಲ ಕೂಡಿಸಿ ತರುವವಳು ಚಂದಮ್ಮ. ಐವತ್ತರ ಆಸುಪಾಸು, ಒಣಕಲು ಮೈ, ಕಚ್ಚೆ ಹಾಕಿ ಎತ್ತಿ ಕಟ್ಟಿದ ಸೀರೆ, ಬರಿಗಾಲು. ಊರ ಹೊರಗಿನ ಓಣಿಯವಳು. ನಾನು ಹುಡುಗನಾಗಿದ್ದಾಗಿನಿಂದ ಅವಳನ್ನು ನೋಡಿದ್ದೆ, ಅವಳು ನಮ್ಮ ಮನೆಯ ಕಟ್ಟೆ ದಾಟಿ ಒಳಗೆ ಬಂದದ್ದನ್ನು ಮಾತ್ರ ನೋಡಿರಲಿಲ್ಲ.

ಬದುವಿನ ಮೇಲೆ ನಿಂತು ವಿಷಯ ಹೇಳಿದೆ. ಹುಡುಗಿಯರ ಜೊತೆ ಹತ್ತು ದಿನ ಇರಬೇಕು, ಬೇರೇನೂ ಕೆಲಸವಿಲ್ಲ ಎಂದೆ. ಅವಳು ಚಿವುಟುತ್ತಲೇ ಕೇಳಿದಳು.

"ಮೂರು ದಿನ ನಡಸ್ತೀರಿ ಅಂದ್ರಲ್ರಿ ಸಣ್ಣ ಗೌಡ್ರ, ಹೆಣ್ಮಕ್ಳು ಹೊರಕಡಿಗಿ ಎಲ್ಲಿ ಹೋಗಬೇಕು?"

ದಾರಿಯಲ್ಲಿ ಸಿಹಿನೀರು ಎಲ್ಲೆಲ್ಲಿ ಸಿಗುತ್ತದೆ, ಯಾರಾದರೂ ಮುಟ್ಟಾದರೆ ಏನು ವ್ಯವಸ್ಥೆ, ಒಬ್ಬಳಿಗೆ ಜ್ವರ ಬಂದರೆ ಯಾವ ಊರಿನ ಯಾರ ಮನೆಯಲ್ಲಿ ಮಲಗಿಸುವುದು ಎಂದು ಅವಳು ಒಂದೊಂದೇ ಕೇಳಿದಳು. ನನ್ನ ಚೀಲದಲ್ಲಿ ನಲವತ್ತು ಪುಟದ ಯೋಜನೆ ಇತ್ತು. ಹಗ್ಗದ ಗಂಟುಗಳ ಚಿತ್ರಗಳೇ ಆರು ಪುಟ. ಅವಳ ಪ್ರಶ್ನೆಗಳಲ್ಲಿ ಒಂದಕ್ಕೂ ಅಲ್ಲಿ ಉತ್ತರವಿರಲಿಲ್ಲ. ಆದರೂ ಆ ದಿನ ನನಗೆ ಏನೂ ಹೊಳೆಯಲಿಲ್ಲ. ಚುರುಕು ಹೆಂಗಸು ಎಂದುಕೊಂಡು ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಸಹಾಯಕಿ ಎಂದು ಬರೆದೆ.

ಪಾಠಗಳು ಆಳಂದದ ಹತ್ತಿರದ ಶಾಲೆಯೊಂದರಲ್ಲಿ ನಡೆದವು. ಆರು ಹುಡುಗರು, ಆರು ಹುಡುಗಿಯರು. ಹುಡುಗರಲ್ಲಿ ಮುಂದಿದ್ದವನು ಜೇವರ್ಗಿಯ ರೇವಣಸಿದ್ಧ, ನನ್ನದೇ ವಿದ್ಯಾರ್ಥಿ, ಓಟಗಾರ. ಮುಂದಿನ ವರ್ಷ ಅವನನ್ನೇ ನನ್ನ ಜೊತೆಗಾರನನ್ನಾಗಿ ಮಾಡಿಕೊಳ್ಳಬೇಕೆಂದಿದ್ದೆ. ಚಂದಮ್ಮ ಹಿಂದೆ ಗೋಡೆಗೆ ಒರಗಿ ಕೂತು ಎಲ್ಲ ಪಾಠ ಕೇಳುತ್ತಿದ್ದಳು. ಪ್ರಥಮ ಚಿಕಿತ್ಸೆಯ ದಿನ ನಾನು ಸಿಡಿಲಿನ ಬಗ್ಗೆ ಹೇಳಿದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಕೂಡಲೇ ಮುಟ್ಟಬಹುದು, ಉಸಿರು ನಿಂತಿದ್ದರೆ ಎದೆ ಒತ್ತಬೇಕು, ಎಷ್ಟೋ ಜನ ಬದುಕುತ್ತಾರೆ ಎಂದೆ. ಗೊಂಬೆಯ ಎದೆ ಒತ್ತಿ ತೋರಿಸಿದೆ. ತಲೆಯೆತ್ತಿ ನೋಡಿದಾಗ ಚಂದಮ್ಮ ಗೋಡೆ ಬಿಟ್ಟು ಮುಂದೆ ಬಂದು ನಿಂತಿದ್ದಳು. ಏನೋ ಕೇಳುವವಳಂತೆ ಕಂಡಳು, ಕೇಳಲಿಲ್ಲ.

ನಡಿಗೆ ಶುರುವಾದ ದಿನ ಬಿಸಿಲಿತ್ತು. ಎರಡನೆಯ ದಿನ ನಸುಕಿನಿಂದಲೇ ಉತ್ತರಿ ಮಳೆ, ಅಂದರೆ ಉತ್ತರಾ ನಕ್ಷತ್ರದ ಮಳೆ, ಹಿಡಿಯಿತು. ಎರೆಮಣ್ಣು ತೋಯ್ದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹತ್ತು ಹೆಜ್ಜೆಗೆ ಬೂಟಿನ ಕೆಳಗೆ ಒಂದು ರೊಟ್ಟಿಯಷ್ಟು, ಇಪ್ಪತ್ತು ಹೆಜ್ಜೆಗೆ ಒಂದು ಕಲ್ಲಿನಷ್ಟು ಮಣ್ಣು ಅಂಟಿಕೊಂಡಿತು. ನಾನೇ ಕಡ್ಡಾಯ ಮಾಡಿದ್ದ ಬೂಟುಗಳು ಕಾಲು ಎತ್ತಲು ಬಿಡಲಿಲ್ಲ. ರೇವಣಸಿದ್ಧನ ಹೊಸ ಬೂಟಿನ ತಳವೇ ಕಿತ್ತು ಬಂತು. ಚಂದಮ್ಮ ಬರಿಗಾಲಲ್ಲಿ ಬದುವಿನ ಹುಲ್ಲಿನಂಚು ಹಿಡಿದು ಸರಸರನೆ ನಡೆಯುತ್ತಿದ್ದಳು. ಅರ್ಧ ತಾಸು ನಮ್ಮ ಪಾಡು ನೋಡಿ, ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು ಹುಲ್ಲಿನ ಮೇಲೆ ಹೆಜ್ಜೆ ಇಡಲು ಹೇಳಿದಳು. ಎಲ್ಲರಿಗಿಂತ ಮೊದಲು ಬಿಚ್ಚಿದವನು ನಾನು.

ಶಬಾನಾ ಹಿಂದೆ ಬೀಳುತ್ತಿದ್ದಳು. ಅವಳಿಗೆ ಬಯಲಲ್ಲಿ ನಡೆದು ರೂಢಿಯಿರಲಿಲ್ಲ. ರೇವಣಸಿದ್ಧ ಮುಂದೆ ಹೋಗಿ ನಿಂತು ಕಾಯುತ್ತಿದ್ದ, ಅವಳು ಬಂದು ಮುಟ್ಟುತ್ತಿದ್ದಂತೆ ಮತ್ತೆ ಹೊರಡುತ್ತಿದ್ದ. ಹೀಗಾಗಿ ಎಲ್ಲರಿಗೂ ವಿಶ್ರಾಂತಿ ಸಿಗುತ್ತಿತ್ತು, ಅವಳೊಬ್ಬಳಿಗೆ ಇಲ್ಲ. ಅವಳ ಅಂಕದ ಹಾಳೆಯಲ್ಲಿ ನಾನು "ಕಷ್ಟ" ಎಂದು ಬರೆದುಬಿಟ್ಟಿದ್ದೆ. ಚಂದಮ್ಮ ಅವಳನ್ನು ಕರೆದು ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. ಅವಳ ಚೀಲ ಬಿಚ್ಚಿ, ಬಟ್ಟೆ ಒಬ್ಬರಿಗೆ, ನೀರಿನ ಬಾಟಲಿ ಒಬ್ಬರಿಗೆ, ತಾಡಪಾಲು ಇನ್ನೊಬ್ಬರಿಗೆ ಹಂಚಿದಳು. ಹೊಲದಲ್ಲಿಯೂ ಹೀಗೇ ಮಾಡುತ್ತಾರಂತೆ. ಒಬ್ಬಳ ಕೈ ನಿಧಾನವಿದ್ದರೆ ಅವಳ ಸಾಲಿನಲ್ಲಿ ಎಡಬಲದವರು ಎರಡೆರಡು ಗಿಡ ಹೆಚ್ಚಿಗೆ ಚಿವುಟುತ್ತ ಹೋಗುತ್ತಾರೆ.

"ಸಾಲು ಮುರೀಬಾರ್ದು ನೋಡ್ರಿ," ಎಂದಳು. "ಸಾಲು ಮುರೀತಂದ್ರ ಹಿಂದ ಉಳಿದಾಕಿಗಿ ಹಾವು ಕಡದ್ರೂ ಯಾರಿಗೂ ಗೊತ್ತಾಗಂಗಿಲ್ಲ."

ಆ ಮಧ್ಯಾಹ್ನ ಹನ್ನೆರಡೂ ಜನ ತಂಗಬೇಕಿದ್ದ ಊರನ್ನು ಒಟ್ಟಿಗೆ ಮುಟ್ಟಿದರು. ಹಿಂದಿನ ಮೂರು ವರ್ಷ ನನ್ನ ಗಟ್ಟಿಗರ ತಂಡಗಳು ಯಾವತ್ತೂ ಹಾಗೆ ಒಟ್ಟಿಗೆ ಮುಟ್ಟಿರಲಿಲ್ಲ.

ಮೂರನೆಯ ದಿನ ಪರೀಕ್ಷೆ. ಸರದಿಯ ಮೇಲೆ ಒಬ್ಬೊಬ್ಬರು ತಂಡ ನಡೆಸಬೇಕು, ನಾನು ಬಾಯಿ ಹಾಕುವಂತಿಲ್ಲ. ಸಂಗಮಕ್ಕೆ ಇನ್ನು ಎರಡು ತಾಸಿನ ದಾರಿಯಿದ್ದಾಗ ರೇವಣಸಿದ್ಧನ ಸರದಿ ಬಂತು. ಶಬಾನಾಳ ಅಂಗಾಲಿಗೆ ಜಾಲಿಮುಳ್ಳು ನೆಟ್ಟು ಅವಳು ಕೂತಳು; ನಾನು ಅವಳ ಜೊತೆ ಉಳಿದು ಮುಳ್ಳು ತೆಗೆಯುತ್ತಿದ್ದೆ. ತಂಡ ಚಂದಮ್ಮನ ಜೊತೆ ಇನ್ನೂರು ಮುನ್ನೂರು ಹೆಜ್ಜೆ ಮುಂದೆ ಹೋಗಿತ್ತು.

ಗಾಳಿ ಒಮ್ಮೆಲೇ ನಿಂತಿತು. ತೊಗರಿಯ ಎಲೆಯೂ ಅಲುಗಲಿಲ್ಲ. ಪಡುವಣದ ಕಡೆ ತಿರುಗಿ ನೋಡಿದೆ. ಭೂಮಿಗೂ ಆಕಾಶಕ್ಕೂ ನಡುವೆ ಉದ್ದಕ್ಕೆ ಮಸಿ ಬಳಿದ ಹಾಗೆ ಮೋಡ, ಅದರ ಬುಡದಲ್ಲಿ ಬೆಳ್ಳಗಿನ ಒಂದು ಗೆರೆ. ಹಿಮಾಲಯದಲ್ಲಿ ನಾನು ಮೋಡಗಳನ್ನು ನೋಡಿದ್ದೇನೆ. ಅಲ್ಲಿ ಬೆಟ್ಟ ಅರ್ಧ ಆಕಾಶ ಮುಚ್ಚಿರುತ್ತದೆ. ನಮ್ಮ ಬಯಲಲ್ಲಿ ಮುಚ್ಚುವುದು ಏನೂ ಇಲ್ಲ. ಬರುವುದು ಪೂರ್ತಿ ಕಾಣುತ್ತದೆ, ಬರುವಾಗ ನಾವೂ ಪೂರ್ತಿ ಬಯಲಾಗಿರುತ್ತೇವೆ. ಮೊದಲ ಮಿಂಚು ಆ ಅಂಚಿನಿಂದ ಈ ಅಂಚಿಗೆ ಬೇರು ಬಿಟ್ಟಂತೆ ಹರಿಯಿತು. ಬಿರುಗಾಳಿಯ ಜೊತೆ ಮಳೆ ಗೋಡೆಯ ಹಾಗೆ ನಡೆದು ಬಂತು.

ಮುಂದೆ ಹೊಲದ ನಡುವೆ ಒಂದೇ ಒಂದು ದೊಡ್ಡ ಹುಣಸೆಮರವಿತ್ತು. ರೇವಣಸಿದ್ಧ ಅದರ ಕಡೆ ಕೈ ಮಾಡಿ ಓಡಿದ. ತಂಡವೂ ಅವನ ಹಿಂದೆ ಓಡಿತು. ಒಂಟಿ ಮರದ ಕೆಳಗೆ ನಿಲ್ಲಬಾರದೆಂದು ನಾನು ವಾರದ ಹಿಂದೆ ಪಾಠ ಮಾಡಿದ್ದೆ, ಅವನು ಬರೆದುಕೊಂಡಿದ್ದ. ಮಳೆ ಮುಖಕ್ಕೆ ಹೊಡೆದಾಗ ಮನುಷ್ಯ ಬರೆದುಕೊಂಡದ್ದನ್ನು ಮರೆಯುತ್ತಾನೆ. ನಾನು ಕೂಗಿದೆ. ಗಾಳಿ ನನ್ನ ದನಿಯನ್ನು ಬಾಯಿಂದಲೇ ಕಿತ್ತುಕೊಂಡಿತು. ಶಿಳ್ಳೆ ಊದಿದೆ, ಅದೂ ಮುಟ್ಟಲಿಲ್ಲ.

ಆಗ ಚಂದಮ್ಮನ ದನಿ ಕೇಳಿಸಿತು. ಅದು ಕಿರುಚಿದ ದನಿಯಲ್ಲ. ದೊಡ್ಡ ಹೊಲದ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮಂದಿಯನ್ನು ದಿನಾ ಕರೆಯುವ, ಎದೆಯಿಂದ ಎದ್ದು ಉದ್ದಕ್ಕೆ ಹೋಗುವ ದನಿ.

"ಗಿಡದ ಬುಡಕ ಹೋಗಬ್ಯಾಡ್ರಿ! ತಗ್ಗಿಗಿ ಬರ್ರಿ. ದೂರ ದೂರ ಕೂಡ್ರಿ. ಕಾಲು ಜೋಡಸ್ರಿ."

ಓಡುತ್ತಿದ್ದವರು ಹಗ್ಗ ಜಗ್ಗಿದಂತೆ ನಿಂತರು, ತಿರುಗಿದರು. ಅವಳು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ತೊಗರಿಯ ತಗ್ಗಿನಲ್ಲಿ ಹತ್ತಿಪ್ಪತ್ತು ಹೆಜ್ಜೆಗೆ ಒಬ್ಬರಂತೆ ಕುಕ್ಕರಗಾಲಲ್ಲಿ ಕೂಡಿಸಿದಳು. ರೇವಣಸಿದ್ಧ ಮಾತ್ರ ಮರ ಮುಟ್ಟಿ ನಿಂತಿದ್ದ. ಅವಳು ಹತ್ತಿರ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಎಲ್ಲರೂ ಕೂತ ಮೇಲೆ ಕೊನೆಗೆ ತಾನು ಕೂತಳು.

ನಾನೂ ಶಬಾನಾಳೂ ಇದ್ದಲ್ಲೇ ದೂರ ದೂರ ಕೂತೆವು. ಎಷ್ಟು ಹೊತ್ತೋ ತಿಳಿಯದು. ಮಿಂಚಿದಾಗೆಲ್ಲ ಇಡೀ ಬಯಲು ಬಿಳಿ ಹಾಳೆಯಂತೆ ತೆರೆಯುತ್ತಿತ್ತು, ಆ ಹಾಳೆಯ ಮೇಲೆ ತೊಗರಿಯ ನಡುವೆ ಬಗ್ಗಿದ ಬೆನ್ನುಗಳು ಕಾಣುತ್ತಿದ್ದವು. ನೆಲ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಹೊಳೆಯ ಆಚೆ ದಂಡೆಯಲ್ಲಿ ಸಿಡಿಲು ಇಳಿದದ್ದನ್ನು ಕಣ್ಣಾರೆ ಕಂಡೆ: ಸದ್ದಿಗಿಂತ ಮೊದಲು ಒಂದು ಬಿಳಿ ಕಂಬ. ನನಗೆ ಹೆದರಿಕೆಯಾಯಿತು, ಆದರೆ ಅದಕ್ಕಿಂತ ದೊಡ್ಡದಾದ ಇನ್ನೇನೋ ಎದೆ ತುಂಬಿತು. ನಾನು ಹುಟ್ಟಿದ ನೆಲದ ಮೇಲೆ ಇಂಥ ಆಕಾಶವಿದೆ, ಅದರ ಕೆಳಗೆ ದಿನಾ ಇಪ್ಪತ್ತು ಜನರನ್ನು ಕರೆದುಕೊಂಡು ಹೋಗಿ ದಿನಾ ತಿರುಗಿ ಮನೆ ಮುಟ್ಟಿಸುವ ಹೆಂಗಸು ಇದ್ದಾಳೆ. ನಾನು ಇಷ್ಟು ವರ್ಷ ಬೆಟ್ಟ ಹುಡುಕಿಕೊಂಡು ಉತ್ತರಕ್ಕೆ ಹೋಗಿದ್ದೆ.

ಮಳೆ ಹಿಂದೆ ಸರಿಯಿತು. ಹುಣಸೆಮರ ಇದ್ದ ಹಾಗೇ ನಿಂತಿತ್ತು, ಒಂದು ಟೊಂಗೆಯೂ ಮುರಿದಿರಲಿಲ್ಲ. ರೇವಣಸಿದ್ಧನಿಗೆ ಅವಮಾನವಾಗಿತ್ತು. ಮರಕ್ಕೇನೂ ಆಗಲಿಲ್ಲವಲ್ಲ, ಸುಮ್ಮನೆ ಎಲ್ಲರೂ ತೋಯಿಸಿಕೊಂಡೆವು ಎಂದು ಮಾತು ಎತ್ತಿದ. ಚಂದಮ್ಮ ಸೆರಗು ಹಿಂಡುತ್ತಿದ್ದಳು.

"ಹೌದಪ್ಪ, ಏನೂ ಆಗಲಿಲ್ಲ," ಎಂದಳು. "ಏನೂ ಆಗಬಾರ್ದು ಅಂತನ ನಾ ದಿನಾ ಹೊಲಕ್ಕ ಬರ್ತೇನಿ."

ಸಂಗಮ ಹತ್ತಿರವಾದಾಗ ರೇವಣಸಿದ್ಧ ಹಿಂದೆ ಬಂದು ಶಬಾನಾಳ ಚೀಲದಲ್ಲಿ ಉಳಿದದ್ದನ್ನೂ ತಾನು ಹೊತ್ತುಕೊಂಡ.

ಸಂಗಮದಲ್ಲಿ ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಯಾತ್ರಿಕರ ನಡುವೆ ಹುಡುಗರು ಚಹಾ ಕುಡಿಯುತ್ತ ಕೂತಿದ್ದಾಗ ಚಂದಮ್ಮ ನನ್ನನ್ನು ಬದಿಗೆ ಕರೆದಳು. ಬಹಳ ವರ್ಷದ ಹಿಂದೆ ಅವಳ ನೆಗೆಣ್ಣಿ, ಮೈದುನನ ಹೆಂಡತಿ, ಬೇವಿನಮರದ ಕೆಳಗೆ ಸಿಡಿಲು ಬಡಿದು ಬಿದ್ದಳಂತೆ. ಮೈಯಲ್ಲಿ ಕರೆಂಟು ಇರುತ್ತದೆ, ಮುಟ್ಟಿದವರೂ ಸಾಯುತ್ತಾರೆ ಎಂದು ಯಾರೋ ಅಂದರಂತೆ. ಎಲ್ಲರೂ ದೂರ ನಿಂತರಂತೆ. ಚಂದಮ್ಮನೂ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಅಂದಿನಿಂದಲೇ ಅವಳು ಹೆಂಗಸರ ಸಾಲಿನ ಮುಂದೆ ನಿಲ್ಲತೊಡಗಿದ್ದು, ಮೋಡ ನೋಡಲು ಕಲಿತದ್ದು. ಮಿಂಚಿದ ಮೇಲೆ ಹತ್ತು ಗಿಡದ ಕುಡಿ ಚಿವುಟುವುದರೊಳಗೆ ಗುಡುಗಿದರೆ ಹೊಲ ಬಿಡಬೇಕು ಎಂಬುದು ಅವಳದೇ ಲೆಕ್ಕ.

"ನೀವು ಶಾಲ್ಯಾಗ ಹೇಳಿದ್ರಲ್ರಿ, ಮುಟ್ಟಬಹುದು ಅಂತ. ಅವತ್ತ ನಾವು ಮುಟ್ಟಿದ್ರ ಅಕಿ ಉಳೀತಿದ್ಳೇನ್ರಿ?"

ಸುಳ್ಳು ಹೇಳುವುದು ಸುಲಭವಿತ್ತು. ಆ ಮುಖ ನೋಡುತ್ತ ನನಗೆ ಆಗಲಿಲ್ಲ. "ಖಾತ್ರಿ ಹೇಳಾಕ ಬರಂಗಿಲ್ಲ, ಚಂದಮ್ಮ. ಉಳೀಬಹುದಿತ್ತು," ಎಂದೆ. ಅವಳು ತಲೆಯಾಡಿಸಿದಳು, ಹೊಳೆಯ ಕಡೆ ನೋಡುತ್ತ ನಿಂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

ಮರುದಿನ ನಾನು ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿದ್ದ ಸಹಾಯಕಿ ಎಂಬುದನ್ನು ಹೊಡೆದುಹಾಕಿ ಮುಂದಾಳು ಎಂದು ಬರೆದೆ. ಸಂಸ್ಥೆಯವರು ಅಕ್ಷರ ಬಾರದವರಿಗೆ ಪ್ರಮಾಣಪತ್ರ ಹೇಗೆ ಕೊಡುವುದೆಂದು ಕೇಳಿದರು. ನಾನು ಫೋನಿನಲ್ಲಿ ಬಹಳ ಹೊತ್ತು ಜಗಳಾಡಿದೆ. ಕೊನೆಗೆ ಕೊಟ್ಟರು. ಮುಂದಿನ ವರ್ಷದಿಂದ ಓಟ, ಬೂಟು, ಇಂಗ್ಲಿಷ್ ಮೂರನ್ನೂ ತೆಗೆದೆವು. ಅದರ ಬದಲು ಒಂದೇ ಪ್ರಶ್ನೆ ಕೇಳುತ್ತೇವೆ: ನೀವು ಈವರೆಗೆ ಯಾರನ್ನು ಎಲ್ಲಿಂದ ಎಲ್ಲಿಗೆ ಕ್ಷೇಮವಾಗಿ ಕರೆದುಕೊಂಡು ಹೋಗಿದ್ದೀರಿ? ಕುರಿ ಕಾಯುವವರು ಬಂದಿದ್ದಾರೆ, ಕರಜಗಿಯ ಕಬ್ಬು ಕಡಿಯುವ ಹೆಂಗಸರು ಬಂದಿದ್ದಾರೆ. ಶಬಾನಾ ಈಗ ಹುಡುಗಿಯರ ತಂಡಗಳನ್ನು ತಾನೇ ನಡೆಸುತ್ತಾಳೆ. ಅದೆಲ್ಲ ಆಮೇಲಿನ ಮಾತು. ಆ ಪ್ರಮಾಣಪತ್ರವನ್ನು ಒಯ್ದು ಕೊಟ್ಟಾಗ ಚಂದಮ್ಮ ಅದನ್ನು ಮಡಚಿ ಬುತ್ತಿಗಂಟಿನಲ್ಲಿ ಇಟ್ಟುಕೊಂಡಳು. ಮುಟ್ಟಬಹುದೆಂದು ನನಗೊಬ್ಬಳಿಗೆ ಗೊತ್ತಿದ್ದರೆ ಏನು ಬಂತು, ನಾಳೆ ನಾನೇ ಬಿದ್ದರೆ ನನ್ನನ್ನು ಮುಟ್ಟುವವರು ಯಾರು ಎಂದಳು. ಇಪ್ಪತ್ತೂ ಹೆಣ್ಣುಮಕ್ಕಳಿಗೆ ಕಲಿಸಬೇಕು, ಶಾಲೆಯಲ್ಲಲ್ಲ, ಹೊಲದಲ್ಲಿ, ಬುತ್ತಿಯ ಹೊತ್ತಿಗೆ.

ಹಾಗಾಗಿ ಅದೇ ವರ್ಷ, ಉತ್ತರಿ ಮುಗಿಯುವ ಹೊತ್ತಿಗೆ ನಾನು, ಶಬಾನಾ, ರೇವಣಸಿದ್ಧ ಮೂವರೂ ನಮ್ಮ ಹೊಲಕ್ಕೇ ಹೋದೆವು. ಗೊಂಬೆಯ ಎದೆ ಒತ್ತುವುದನ್ನು ಶಬಾನಾ ಕಲಿಸಿದಳು. ದಿನವಿಡೀ ಗುದ್ದಲಿ ಹಿಡಿಯುವ ಕೈಗಳು. ಜರಾ ಮೆಲ್ಲಗೆ ಒತ್ತಿರಿ ಎನ್ನಬೇಕಾಯಿತು. ಕೊನೆಗೆ, ಬಿದ್ದವರನ್ನು ಕೌದಿಯಲ್ಲಿ ಮಲಗಿಸಿ ಕೆಸರು ದಾಟಿಸಿ ಆಂಬುಲೆನ್ಸ್ ನಿಲ್ಲುವ ರಸ್ತೆಗೆ ಒಯ್ಯುವುದು. ಶಬಾನಾ ಮಲಗಲು ಹೋದಳು. ಚಂದಮ್ಮ ಒಪ್ಪಲಿಲ್ಲ. ಹಗುರಾದವರನ್ನು ಎತ್ತಿ ಕಲಿತರೆ ಉಪಯೋಗವಿಲ್ಲ, ಎಲ್ಲರಿಗಿಂತ ಭಾರವಿದ್ದವರು ಮಲಗಲಿ ಎಂದಳು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಕೌದಿಯ ಪಕ್ಕ ಎರೆಮಣ್ಣಿನ ಮೇಲೆ ಮಲಗಿದೆ. ಯಾರೂ ಹತ್ತಿರ ಬರಲಿಲ್ಲ. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿದರು. ತಲೆ ಹೊರಳಿಸಿ ನೋಡಿದಾಗ ಕಾರಣ ತಿಳಿಯಿತು. ಬದುವಿನ ಮೇಲೆ ಅಪ್ಪ ಬಂದು ನಿಂತಿದ್ದರು, ಬಿಳಿ ಧೋತರ, ಕೈಯಲ್ಲಿ ಕೊಡೆ. ಅಪ್ಪ ಇಲ್ಲದಿದ್ದರೂ ಚಂದಮ್ಮನ ಓಣಿಯ ಆ ಹೆಂಗಸರು ತಡವರಿಸುತ್ತಿದ್ದರೇನೋ. ನಮ್ಮ ಮನೆಯಲ್ಲಿ ಅವರ ಕೈಗೆ ನೀರನ್ನು ಮುಟ್ಟದಂತೆ ಮೇಲಿನಿಂದ ಹುಯ್ಯುವುದನ್ನು ನಾನು ಚಿಕ್ಕವನಿದ್ದಾಗ ದಿನಾ ನೋಡಿದ್ದೇನೆ. ಸುಮ್ಮನೆ ನೋಡಿದ್ದೇನೆ. ಈಗ ಅವರ ಕಾಲ ಹತ್ತಿರ ಮಲಗಿ ಕಾಯುತ್ತಿದ್ದೆ.

ಚಂದಮ್ಮ ಅಪ್ಪನ ಕಡೆಗೊಮ್ಮೆ ನೋಡಿದಳು. ಆಮೇಲೆ ಬಂದು ನನ್ನ ತಲೆಯ ಹತ್ತಿರ ಮೊಣಕಾಲೂರಿ, ಎರಡೂ ಕೈಗಳನ್ನು ನನ್ನ ಭುಜದ ಕೆಳಗೆ ತೂರಿಸಿದಳು.

"ಹಿಡೀರಿ ಬೇ," ಎಂದಳು. "ಬಿದ್ದಾವ ಮನಷ್ಯಾ ಅದಾನ. ಬರ್ರಿ, ಹಿಡೀರಿ."

ಒಂದು ಕೈ ನನ್ನ ಸೊಂಟಕ್ಕೆ ಬಂತು. ಇನ್ನೊಂದು ಬೆನ್ನಿಗೆ, ಮೊಣಕಾಲಿಗೆ, ಹಿಮ್ಮಡಿಗೆ. ಒರಟಾದ, ಬಿಸಿಯಾದ ಎಂಟು ಜನರ ಕೈಗಳು. ಹೊರಳಿಸಿ ಕೌದಿಗೆ ಹಾಕಿ, ಚಂದಮ್ಮ ಮೂರು ಎನ್ನುತ್ತಿದ್ದಂತೆ ಎತ್ತಿದರು. ನಾನು ನೆಲ ಬಿಟ್ಟೆ. ಮೇಲೆ ತೊಳೆದಿಟ್ಟಂಥ ಆಕಾಶ, ಸುತ್ತ ಅವರ ಗದ್ದಗಳು, ಉಸಿರು, ಕೆಸರಿನಲ್ಲಿ ಒಟ್ಟಿಗೆ ಊರಿ ಒಟ್ಟಿಗೆ ಏಳುವ ಹೆಜ್ಜೆಗಳ ಸದ್ದು. ಮೈ ಒಂದು ಗೇಣೂ ವಾಲಲಿಲ್ಲ.

ರಸ್ತೆಗೆ ಹೋಗಲು ಬದುವೊಂದೇ ದಾರಿ. ಅದರ ಮೇಲೆ ಅಪ್ಪ ನಿಂತಿದ್ದರು. ಹೆಜ್ಜೆಗಳು ನಿಧಾನವಾದವು, ಆದರೆ ಮುಂದೆ ಹಿಡಿದಿದ್ದ ಚಂದಮ್ಮ ನಿಲ್ಲಲಿಲ್ಲ. ಮಲಗಿದಲ್ಲಿಂದಲೇ ಕತ್ತು ಹೊರಳಿಸಿ ಕಂಡೆ: ಅಪ್ಪ ಕೊಡೆ ಮಡಚಿದರು, ಒಂದು ಕೈಯಲ್ಲಿ ಧೋತರ ಎತ್ತಿ ಹಿಡಿದು, ಬದುವಿನಿಂದ ಕೆಳಗೆ ಕೆಸರಿಗೆ ಇಳಿದು ದಾರಿ ಬಿಟ್ಟರು.